ಬದಲಿ ಕೇಪು

ಆಫೀಸಿನಲ್ಲಿ ಒಂದು ಸ್ಕ್ರೂ ಬದಲಾದರೂ ಶಿವರಾಜ ಸುಮ್ಮನಿರುವ ಆಸಾಮಿಯಲ್ಲ. ರಕ್ತ ಶುದ್ಧಿ ಮಾಡುವ ಯಂತ್ರಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಅವನು ಕ್ವಾಲಿಟಿ ಎಂಜಿನಿಯರ್. ಇಪ್ಪತ್ತೆರಡು ವರ್ಷಗಳಿಂದ ಅವನ ಕೆಲಸವೆಂದರೆ ಬೇಡ ಎನ್ನುವುದು. ಸಪ್ಲೈಯರು ಒಂದು ರಬ್ಬರ್ ವಾಷರಿನ ಬದಲು ಅದರ ಒಡಹುಟ್ಟಿನಂತಿರುವ ಇನ್ನೊಂದು ವಾಷರ್ ಕಳಿಸಿದರೂ ಪರೀಕ್ಷೆ ಮಾಡಿದ್ದೀರಾ, ಸಹಿ ಎಲ್ಲಿದೆ ಎಂದು ಇಡೀ ಲೈನನ್ನೇ ನಿಲ್ಲಿಸಿಬಿಡುತ್ತಿದ್ದ. ಕೆಳಗಿನವರು ಬೆನ್ನ ಹಿಂದೆ ಬೈದುಕೊಳ್ಳುತ್ತಿದ್ದರು. ಬೈದುಕೊಳ್ಳುತ್ತಾರೆ ಎಂಬುದು ಅವನಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಇಂಥವನು ಬೇ ಏರಿಯಾದ ಯೂನಿಯನ್ ಸಿಟಿಯ ತನ್ನ ಮನೆಯ ಗರಾಜಿನಲ್ಲಿ ಮಾಡಿದ್ದೇ ಬೇರೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಗರಾಜಿನಲ್ಲಿ ಅವನು ಕಾಡತೂಸು ಮಾಡುತ್ತಿದ್ದ. ಕದ್ದುಮುಚ್ಚಿ ಅಲ್ಲ, ಅಲ್ಲಿ ಅದೊಂದು ಹವ್ಯಾಸ, ಸಾವಿರಾರು ಜನ ಮಾಡುತ್ತಾರೆ. ಹಾರಿಸಿಯಾದ ಹಿತ್ತಾಳೆ ಚಿಪ್ಪುಗಳನ್ನು ಆರಿಸಿ ತಂದು, ತೊಳೆದು, ಒತ್ತಿ ಆಕಾರಕ್ಕೆ ತಂದು, ಹಿಂಬದಿಯ ಗುಳಿಯಲ್ಲಿ ಹೊಸ ಪ್ರೈಮರ್ ಕೂರಿಸಿ, ಪೌಡರ್ ತುಂಬಿ, ಮೂತಿಗೆ ಗುಂಡು ಸಿಕ್ಕಿಸಿದರೆ ಮುಗಿಯಿತು. ಪ್ರೈಮರ್ ಎಂದರೆ ತೊಗರಿಕಾಳಿನಷ್ಟು ಗಾತ್ರದ ಲೋಹದ ಬಟ್ಟಲು. ಬಂದೂಕಿನ ಕುದುರೆ ಎಳೆದಾಗ ಮೊಳೆ ಅದರ ತಲೆಗೆ ಬಡಿಯುತ್ತದೆ, ಅದು ಕಿಡಿ ಉಗುಳುತ್ತದೆ, ಆ ಕಿಡಿಗೆ ಪೌಡರ್ ಹೊತ್ತಿಕೊಳ್ಳುತ್ತದೆ. ದೀಪಾವಳಿಯ ಆಟದ ಪಿಸ್ತೂಲಿಗೆ ಹಾಕುವ ಕೇಪಿನ ಅಣ್ಣ ಅಂದುಕೊಳ್ಳಿ. ಗದಗಿನಲ್ಲಿ ಬೆಳೆದ ಶಿವರಾಜನೂ ಅದನ್ನು ಕೇಪು ಎಂದೇ ಕರೆಯುತ್ತಿದ್ದ. ಬೇರೆ ಗಂಡಸರು ಹಿತ್ತಲಲ್ಲಿ ಕರಿಬೇವು ಬೆಳೆಸುತ್ತಾರೆ, ಇವರಿಗೊಂದು ಇದು ಎಂದು ಅವನ ಹೆಂಡತಿ ಆರತಿ ಬಂದವರ ಮುಂದೆಲ್ಲ ಹೇಳುವಳು. ಅವನು ನಗುತ್ತಿದ್ದ. ಅವನ ಪಾಲಿಗೆ ಅದು ತವರಿನಿಂದ ಬಂದ ಚಟ್ನಿಪುಡಿಯಂಥದ್ದು. ಅಂಗಡಿಯದಕ್ಕಿಂತ ಮನೆಯದೇ ಮೇಲು ಎನ್ನುವುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಕೇಪಿನಲ್ಲಿ ಎರಡು ಜಾತಿ. ಒಂದು ಸಾದಾ, ಇನ್ನೊಂದು ಜೋರಿನದು, ಅದಕ್ಕೆ ಮ್ಯಾಗ್ನಂ ಎನ್ನುತ್ತಾರೆ. ನೋಡಲು ಎರಡೂ ಒಂದೇ. ಶಿವರಾಜ ತನ್ನ ರಿವಾಲ್ವರಿನ ಕಾಡತೂಸಿಗೆ ಬಳಸುತ್ತಿದ್ದ ಪೌಡರು ಹಸಿ ಸೌದೆಯಂಥ ಮೊಂಡು ಪೌಡರು. ಜೋರಿನ ಕೇಪೇ ಹಾಕಬೇಕೆಂದು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಕೊರೋನದ ಮರುವರ್ಷ ಆ ಕೇಪುಗಳು ಅಂಗಡಿಗಳಿಂದ ಮಾಯವಾದವು. ಅವನು ಸ್ಯಾನ್ ಹೊಸೆಯಿಂದ ಸ್ಯಾಕ್ರಮೆಂಟೋವರೆಗೆ ಫೋನು ಮಾಡಿ ಕೇಳಿದ, ಎಲ್ಲಿಯೂ ಇರಲಿಲ್ಲ. ಕಪಾಟಿನಲ್ಲಿ ಸಾದಾ ಕೇಪಿನ ಪೆಟ್ಟಿಗೆ ಮಾತ್ರ ತುಂಬಿತ್ತು.

ನಮ್ಮವರಿಗೆ ಪರದೇಶದಲ್ಲಿ ಮೊದಲು ಬರುವ ವಿದ್ಯೆ ಇದ್ದುದರಲ್ಲಿ ಸುಧಾರಿಸುವುದು. ಬ್ಯಾಡಗಿ ಮೆಣಸಿನಕಾಯಿ ಸಿಗಲಿಲ್ಲವೆಂದರೆ ಮೆಕ್ಸಿಕನ್ ಅಂಗಡಿಯದು, ಜೋಳದ ಹಿಟ್ಟು ಇಲ್ಲವೆಂದರೆ ಗುಜರಾತಿ ಅಂಗಡಿಯ ಸಜ್ಜೆ ಹಿಟ್ಟು. ಅಡ್ಜಸ್ಟ್ ಮಾಡಿದರೆ ಆಯಿತು. ಶಿವರಾಜನೂ ಅಡ್ಜಸ್ಟ್ ಮಾಡಿದ. ಎಂಜಿನಿಯರ್ ತಲೆಯಲ್ಲವೇ, ಅದಕ್ಕೊಂದು ಸಮಾಧಾನವನ್ನೂ ಹೊಂದಿಸಿಕೊಂಡ. ಸಾದಾದ ಜಾಗದಲ್ಲಿ ಜೋರಿನದು ಹಾಕಿದರೆ ಒತ್ತಡ ಏರುತ್ತದೆ, ಅದು ಅಪಾಯ. ಜೋರಿನದರ ಜಾಗದಲ್ಲಿ ಸಾದಾ ಹಾಕಿದರೆ ಒತ್ತಡ ಇಳಿಯುತ್ತದೆ. ಇಳಿದರೆ ಯಾರಿಗೆ ಏನು ತೊಂದರೆ? ಐವತ್ತು ಕಾಡತೂಸು ಮಾಡಿದ. ಜುಲೈ ತಿಂಗಳ ಬಿಸಿಲಿನಲ್ಲಿ ಆರು ಹಾರಿಸಿ ನೋಡಿದ, ಆರೂ ಚೆನ್ನಾಗಿಯೇ ಹಾರಿದವು. ಇದೇ ಪರೀಕ್ಷೆಯನ್ನು ಆಫೀಸಿನಲ್ಲಿ ಬೇರೆ ಯಾರಾದರೂ ತಂದು ತೋರಿಸಿದ್ದರೆ ಮುಖದ ಮೇಲೆ ಎಸೆದಿರುತ್ತಿದ್ದ. ಡಬ್ಬಿಯ ಮೇಲೆ ಹಳೆಯ ಲೇಬಲ್ಲನ್ನೇ ಅಂಟಿಸಿದ. ಅದರಲ್ಲಿ ಮ್ಯಾಗ್ನಂ ಎಂದು ಅಚ್ಚಾಗಿತ್ತು. ಒಂದು ಹಾಳೆ ಲೇಬಲ್ ಉಳಿದಿತ್ತು, ದಂಡ ಮಾಡುವುದೇಕೆ ಎಂದುಕೊಂಡ.

ಜಯರಾಮ್ ಅವನಿಗೆ ತಮ್ಮನ ಹಾಗೆ. ಮದ್ದೂರಿನ ಕಡೆಯವನು, ಬೆರ್ರಿಯೆಸಾದಲ್ಲಿ ಮನೆ. ಸಾಫ್ಟ್‌ವೇರಿನವನಲ್ಲ. ಕೆಟ್ಟುಹೋದ ಸರ್ಕ್ಯೂಟ್ ಬೋರ್ಡುಗಳನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟುಕೊಂಡು ಕೂದಲೆಳೆಯಷ್ಟು ತಂತಿಗಳನ್ನು ಬೆಸೆಯುವ ಕುಶಲಿ. ಎರಡು ವರ್ಷದ ಕೆಳಗೆ ಅವನ ಮನೆಗೆ ಕಳ್ಳರು ನುಗ್ಗಿ ಹೆಂಡತಿ ನಿಸರ್ಗಾಳ ತಾಳಿ ಸರವನ್ನೂ ಸೇರಿಸಿ ಒಡವೆಯನ್ನೆಲ್ಲ ಹೊತ್ತುಕೊಂಡು ಹೋದರು. ಆಮೇಲೆ ಅವನು ಒಂದು ರಿವಾಲ್ವರ್ ಕೊಂಡ, ಕೊಂಡು ಹೆದರಿದ, ಹೆದರಿ ಶಿವರಾಜನ ಬಳಿಗೆ ಬಂದ. ಶಿವರಾಜಣ್ಣ ಹೇಳಿದ್ದೇ ವೇದ. ಶಿವರಾಜ ಕಲಿಸಿದ ಮೊದಲ ಪಾಠವೆಂದರೆ, ಢಂ ಎನ್ನಬೇಕಾದದ್ದು ಟುಸ್ ಎಂದರೆ ನಿಲ್ಲಿಸಿಬಿಡು, ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರುತ್ತದೆ, ಅದರ ಹಿಂದೆ ಇನ್ನೊಂದು ಹಾರಿಸಿದರೆ ಪಿಸ್ತೂಲೇ ಸಿಡಿಯುತ್ತದೆ. ಇದನ್ನು ಜಯರಾಮ್ ಶಾಲೆಯ ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದ.

ಡಿಸೆಂಬರಿನ ಎರಡನೇ ಶನಿವಾರ ಬೆಳಿಗ್ಗೆ ಇಬ್ಬರೂ ಗುಡ್ಡದ ಮೇಲಿನ, ಗುರಿ ಹೊಡೆಯುವ ಬಯಲು ರೇಂಜಿಗೆ ಹೋದರು. ಮಂಜು ಇನ್ನೂ ಕರಗಿರಲಿಲ್ಲ. ಸಾದಾ ಕೇಪಿನ ಆ ಕಾಡತೂಸಿನ ಡಬ್ಬಿ ಹಿಂದಿನ ದಿನದಿಂದ ಕಾರಿನ ಡಿಕ್ಕಿಯಲ್ಲಿಯೇ ಇದ್ದು ಹಿಮದಂತೆ ತಣ್ಣಗಾಗಿತ್ತು. ಪಕ್ಕದ ಲೇನಿನಲ್ಲಿ ಟೋಪಿ ಹಾಕಿದ ಇಬ್ಬರು ಬಿಳಿಯ ಮುದುಕರು. ಅವರಲ್ಲೊಬ್ಬ ಡಬ್ಬಿ ನೋಡಿ, ಇವೆಲ್ಲ ನೀನೇ ಮಾಡಿದ್ದೇ ಎಂದು ಶಿವರಾಜನನ್ನು ಕೇಳಿದ. ಒಂದನ್ನು ಬೆಳಕಿಗೆ ಹಿಡಿದು ನೋಡಿ, ಅಂಗಡಿಯದಕ್ಕಿಂತ ಅಚ್ಚುಕಟ್ಟಾಗಿದೆ ಎಂದ. ಹನ್ನೊಂದು ವರ್ಷದಿಂದ ಆ ರೇಂಜಿಗೆ ಹೋಗುತ್ತಿದ್ದರೂ ಅವನನ್ನು ಯಾರೂ ತಾವಾಗಿ ಮಾತನಾಡಿಸಿದ್ದಿಲ್ಲ. ಶಿವರಾಜ ಉಬ್ಬಿಹೋದ. ಹನ್ನೊಂದು ವರ್ಷದಲ್ಲಿ ತನ್ನದೊಂದು ಕಾಡತೂಸೂ ಕೈಕೊಟ್ಟಿಲ್ಲ ಎಂದು ಹೇಳಿಕೊಂಡ. ಮುದುಕರು ತಲೆದೂಗಿದರು. ಜಯರಾಮ್ ತನ್ನ ರಿವಾಲ್ವರಿಗೆ ಅದೇ ಡಬ್ಬಿಯಿಂದ ಆರು ತುಂಬಿಕೊಂಡು ನಿಂತ.

ಮೊದಲನೆಯದು ಸರಿಯಾಗಿ ಹಾರಿತು. ಎರಡನೆಯದೂ ಹಾರಿತು. ಮೂರನೆಯದು ಟುಸ್ ಎಂದಿತು.

ಶಿವರಾಜನಿಗೆ ಅದು ಕೇಳಿಸಿತು. ಇದರಲ್ಲಿ ಒಗಟೇನೂ ಇಲ್ಲ. ಕಿವಿಗೆ ಸದ್ದು ತಡೆಯುವ ಮಫ್ ಹಾಕಿಕೊಂಡಿದ್ದ, ಆದರೂ ಕೇಳಿಸಿತು. ತನ್ನ ಕಾಡತೂಸಿನ ಸದ್ದು ಅವನಿಗೆ ತನ್ನ ಮನೆಯ ಕುಕ್ಕರಿನ ಸೀಟಿಯಷ್ಟು ಪರಿಚಿತ. ಜಯರಾಮನೂ ಒಂದು ಕ್ಷಣ ತಡೆದ. ಕೈ ಮುಂದೆ ಚಾಚಿಕೊಂಡೇ ಕತ್ತನ್ನು ಅರ್ಧ ತಿರುಗಿಸಿ ಶಿವರಾಜನ ಕಡೆ ನೋಡಿದ.

ನಿಲ್ಲಿಸು ಎಂದು ಒಂದು ಮಾತು ಕೂಗಿದ್ದರೆ ಸಾಕಿತ್ತು, ಯಾವ ಭಾಷೆಯಲ್ಲಾದರೂ ಆದೀತು. ಆದರೆ ಕೂಗಿದರೆ ಅಲ್ಲಿಯ ನಿಯಮದಂತೆ ಇಡೀ ರೇಂಜೇ ನಿಲ್ಲುತ್ತದೆ. ಎಲ್ಲರೂ ಬಂದೂಕು ಕೆಳಗಿಡಬೇಕು, ಮೇಲ್ವಿಚಾರಕ ಬರಬೇಕು, ಯಾರ ಕಾಡತೂಸು ಎಂದು ಕೇಳಬೇಕು, ಆ ಇಬ್ಬರು ಮುದುಕರು ನೋಡುತ್ತ ನಿಲ್ಲಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಶಿವರಾಜ ಆ ಅಡಿಕೆಯನ್ನು ಹಿಡಿದುಕೊಂಡು ಒಂದು ಉಸಿರಿನ ಹೊತ್ತು ಸುಮ್ಮನೆ ನಿಂತ. ಮಂಜಿಗೆ ಹಾಗೆ ಕೇಳಿಸಿತೇನೋ ಎಂದು ತನಗೆ ತಾನೇ ಹೇಳಿಕೊಂಡ. ಅಣ್ಣ ಸುಮ್ಮನಿದ್ದಾನೆ ಎಂದಮೇಲೆ ಸರಿಯಿರಬೇಕು ಎಂದು ಜಯರಾಮ್ ಮುಂದಕ್ಕೆ ತಿರುಗಿ ಕುದುರೆ ಎಳೆದ.

ರಿವಾಲ್ವರಿನ ಮೇಲ್ಭಾಗ ಹರಿದು ಹಾರಿಹೋಯಿತು. ಒಂದು ಚೂರು ರಕ್ಷಣೆಯ ಕನ್ನಡಕದ ಪಕ್ಕದ ಸಂದಿಯಿಂದ ನುಗ್ಗಿ ಅವನ ಎಡಗಣ್ಣನ್ನು ಒಡೆಯಿತು. ಎಡಗೈ ಹೆಬ್ಬೆರಳು ಅರ್ಧಕ್ಕೆ ಹೋಯಿತು. ಮುದುಕರಲ್ಲೊಬ್ಬ ಹಿಂದೆ ಸೈನ್ಯದಲ್ಲಿದ್ದವನಂತೆ, ಅವನೇ ಓಡಿಬಂದು ಬೆಲ್ಟು ಬಿಚ್ಚಿ ಕೈಗೆ ಬಿಗಿದ. ಶಿವರಾಜ ಜಯರಾಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಆಂಬುಲೆನ್ಸು ಗುಡ್ಡ ಹತ್ತಿ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಜಯರಾಮ್ ಕೇಳುತ್ತಿದ್ದದ್ದು ಒಂದೇ, ನಾನೇನು ತಪ್ಪು ಮಾಡಿದೆ ಅಣ್ಣ ಎಂದು.

ಮೇಲ್ವಿಚಾರಕ ಬಂದು ಕಾಡತೂಸು ಮನೆಯದೇ ಎಂದು ಕೇಳಿದ. ಹೌದು ಎಂದು ಶಿವರಾಜ ಡಬ್ಬಿ ತೋರಿಸಿದ. ಅವನು ಲೇಬಲ್ ಓದಿಕೊಂಡ. ಪೌಡರು ಸರಿ, ಗುಂಡು ಸರಿ, ಕೇಪು ಮ್ಯಾಗ್ನಂ, ಎಲ್ಲ ಪುಸ್ತಕದಲ್ಲಿ ಇದ್ದ ಹಾಗೇ. ಹಿಂದಿನ ಗುಂಡು ನಳಿಗೆಯಲ್ಲಿ ಸಿಕ್ಕಿದ್ದನ್ನು ಹಾರಿಸಿದಾತ ಗಮನಿಸಲಿಲ್ಲ ಎಂದು ವರದಿ ಬರೆದ. ಲೇಬಲ್ ಸುಳ್ಳು ಹೇಳಿತು, ಶಿವರಾಜ ಸುಮ್ಮನಿದ್ದ. ಆ ದಿನ ಅವನು ಸುಮ್ಮನಿದ್ದದ್ದು ಅದು ಎರಡನೇ ಸಲ.

ಉಳಿದ ಕಾಡತೂಸುಗಳನ್ನು ಮರುದಿನವೇ ಗರಾಜಿನಲ್ಲಿ ಬಿಚ್ಚಿಹಾಕಿದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಆರತಿ, "ನಿಮ್ಮ ಗುಂಡಿನಾಗ ಏನರ ಐಬು ಇತ್ತೇನ್ರಿ?" ಎಂದು ಮೆಲ್ಲಗೆ ಕೇಳಿದಳು.

"ಅವಾ ಗಡಿಬಿಡಿ ಮಾಡಿದಾ," ಎಂದ ಶಿವರಾಜ.

ಆ ಒಂದು ಮಾತು ಆರತಿಯಿಂದ ಅವಳ ಗೆಳತಿಗೆ, ಗೆಳತಿಯಿಂದ ಕನ್ನಡ ಕೂಟದ ವಾಟ್ಸಾಪಿಗೆ ಹೋಯಿತು. ಸಂಕ್ರಾಂತಿಯ ಹೊತ್ತಿಗೆ ಬೇ ಏರಿಯಾದ ಕನ್ನಡಿಗರಿಗೆಲ್ಲ ಜಯರಾಮ್ ಎಂಬ ಮನುಷ್ಯ ಅವಸರದವನು ಎಂಬುದು ಗೊತ್ತಾಗಿಹೋಗಿತ್ತು. ಪಾಪ, ಮೊದಲೇ ಹಾಗಂತೆ, ಫ್ರೀವೇಯಲ್ಲಿ ಕಾರು ಓಡಿಸುವುದೂ ಹಾಗೇ ಅಂತೆ ಎಂದು ಒಗ್ಗರಣೆಯನ್ನೂ ಹಾಕಿದರು. ಎಲ್ಲರಿಗಿಂತ ಹೆಚ್ಚಾಗಿ ಅದನ್ನು ನಂಬಿದವನು ಜಯರಾಮನೇ.

ಶಿವರಾಜ ಪ್ರತಿ ಭಾನುವಾರ ಜಯರಾಮನ ಮನೆಗೆ ಹೋಗುತ್ತಿದ್ದ. ಗ್ರಾಸರಿ ತಂದುಕೊಡುತ್ತಿದ್ದ, ಇನ್ಶೂರೆನ್ಸಿನ ಕಾಗದಗಳನ್ನು ತುಂಬಿಕೊಡುತ್ತಿದ್ದ. ಒಂದೇ ಕಣ್ಣಿನಲ್ಲಿ ಮೈಕ್ರೋಸ್ಕೋಪಿನ ಕೆಲಸ ಆಗುವುದಿಲ್ಲ, ಆಳ ತಿಳಿಯುವುದಿಲ್ಲ. ಕೆಲಸ ಹೋಗುವುದು ಖಚಿತವಾಗಿತ್ತು. ಜಯರಾಮನನ್ನು ತಿನ್ನುತ್ತಿದ್ದದ್ದು ಅದೂ ಅಲ್ಲ. ಅವನು ತಟ್ಟೆಯ ಮುಂದೆ ಕೂತು ಮೂರನೇ ಗುಂಡಿನ ಸದ್ದನ್ನು ನೆನಪು ಮಾಡಿಕೊಳ್ಳುತ್ತಿದ್ದ. ಸಣ್ಣಗೆ ಬಂತೇ, ಇಲ್ಲವೇ? ಬಂದಿದ್ದರೆ, ಪಾಠ ಕಲಿತೂ ಯಾಕೆ ನಿಲ್ಲಿಸಲಿಲ್ಲ? ನಿಸರ್ಗಾಳನ್ನು ಪಕ್ಕದ ಕೋಣೆಗೆ ಕಳಿಸಿ ಚಮಚ ಬೀಳಿಸು ಎನ್ನುತ್ತಿದ್ದ. ಇಲ್ಲಿಂದ ಕೇಳಿಸಿತು, ಇನ್ನೂ ಮೆಲ್ಲಗೆ ಬೀಳಿಸು ಎನ್ನುತ್ತಿದ್ದ. ಕಿವಿಯ ಡಾಕ್ಟರು ಪರೀಕ್ಷೆ ಮಾಡಿ ಎರಡೂ ಕಿವಿ ಚೆನ್ನಾಗಿವೆ ಎಂದಾಗ ಕಾರಿನಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತನಂತೆ. ಕಿವಿ ಚೆನ್ನಾಗಿದ್ದರೆ ತಪ್ಪು ತನ್ನದೇ ಎಂದಾಯಿತಲ್ಲ. ತೂಕ ಇಳಿದು ಅಂಗಿಗಳೆಲ್ಲ ಸಡಿಲವಾಗಿದ್ದವು. ಹೀಗೇ ಆದರೆ ಇವರು ಉಳಿಯಲ್ಲ ಅಣ್ಣ ಎಂದು ನಿಸರ್ಗಾ ಒಂದು ಭಾನುವಾರ ಬಾಗಿಲಲ್ಲಿ ಹೇಳಿ ಕಳಿಸಿದಳು.

ಶಿವರಾಜನಿಗೆ ಇದು ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವನಿಗೆ ನಾಚಿಕೆಯಾಗಿತ್ತು, ಭಯವೂ ಆಗಿತ್ತು. ಕೋರ್ಟು, ವಕೀಲರು, ಕೂಟದವರ ಬಾಯಿ, ಎಲ್ಲವೂ ಕಣ್ಣ ಮುಂದೆ ಬರುತ್ತಿದ್ದವು. ಆದರೂ ಫೆಬ್ರವರಿಯ ಮೊದಲ ಭಾನುವಾರ ನಿಶ್ಚಯ ಮಾಡಿಕೊಂಡ. ದಾರಿಯಲ್ಲಿ ಮಾತು ಹೊಂದಿಸಿಕೊಳ್ಳಲೆಂದು ಕಾರು ಬಿಟ್ಟು ಬಾರ್ಟ್ ಟ್ರೈನು ಹತ್ತಿದ. ಹೇಳಬೇಕಾದದ್ದು ಎರಡು ಮಾತು. ಕೇಪು ಬದಲಾಯಿಸಿದೆ ಎಂಬುದು ಒಂದು, ಸದ್ದು ನನಗೂ ಕೇಳಿಸಿತ್ತು ಎಂಬುದು ಇನ್ನೊಂದು. ಬೆರ್ರಿಯೆಸಾ ಬರುವವರೆಗೆ ಅವೆರಡನ್ನೂ ಬಾಯೊಳಗೇ ಹೇಳಿ ಹೇಳಿ ಸವೆಸಿದ. ಎದುರು ಕೂತಿದ್ದ ಹೆಂಗಸೊಬ್ಬಳು ಎದ್ದು ಬೇರೆ ಸೀಟಿಗೆ ಹೋದಳು.

ಜಯರಾಮ್ ಸೋಫಾದಲ್ಲಿದ್ದ. ನಿಸರ್ಗಾ ಕೆಳಗೆ ಕೂತು ಸೊಪ್ಪು ಸೋಸುತ್ತಿದ್ದಳು. ಶಿವರಾಜ ಚಪ್ಪಲಿ ಬಿಟ್ಟವನು ಕೂರಲೂ ಇಲ್ಲ.

"ತಮ್ಮಾ, ಅವತ್ತಿನ ಕೇಪು ಬ್ಯಾರೆ ಇದ್ದವು. ಜೋರಿನವು ಸಿಗಲಿಲ್ಲಂತ ನಾ ಸಾದಾ ಹಾಕಿದ್ದೆ. ಲೇಬಲ್ ಬದಲಿ ಮಾಡಿರಲಿಲ್ಲ. ತಂಡಿಗೆ ಪೌಡರ್ ಪೂರ್ತಿ ಹತ್ತಿಲ್ಲ, ಅದಕ್ಕ ಗುಂಡು ನಡುವ ನಿಂತೈತಿ. ತಪ್ಪು ನಂದು."

ನಿಸರ್ಗಾಳ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು. ಎರಡು ತಿಂಗಳು ಈ ಮನೆಗೆ ಬಂದು ಕೂತು ಕಾಫಿ ಕುಡಿದು ಹೋದಿರಲ್ಲ, ಆಗ ಹೇಳಬೇಕು ಅನ್ನಿಸಲಿಲ್ಲವಾ ಎಂದು ಕೇಳಿದಳು. ಅವಳ ದನಿ ಏರಲಿಲ್ಲ. ಕೂಟದವರು ಇವರನ್ನು ಏನೇನು ಅಂದರು ಅಂತ ನಿಮಗೆ ಗೊತ್ತಿಲ್ಲವಾ ಎಂದಳು. ಅವಳು ಇನ್ನಷ್ಟು ಅಂದಿದ್ದರೆ ಶಿವರಾಜನಿಗೆ ಮನಸ್ಸು ಹಗುರವಾಗುತ್ತಿತ್ತು. ಜಯರಾಮ್ ಕೈಯೆತ್ತಿ ತಡೆದ. ಕೆಟ್ಟ ಬೋರ್ಡಿನಲ್ಲಿ ಎಲ್ಲಿ ಬೆಸುಗೆ ಬಿಟ್ಟಿದೆ ಎಂದು ಹುಡುಕುವಾಗಿನ ಮುಖ ಅವನದು.

"ಬುಡಿ ಅಣ್ಣ. ನೀವೇನ್ ಬೇಕೂಂತ ಮಾಡುದ್ರಾ? ಕಮ್ಮಿ ಆದ್ರೆ ಸೇಫೇ ಅಂತ ನಾನೂ ಅನ್ಕೋತಿದ್ದೆ," ಎಂದ.

ಅಷ್ಟು ಸುಲಭವಾಗಿ ಕ್ಷಮೆ ಸಿಕ್ಕೀತೆಂದು ಶಿವರಾಜ ಕನಸಿನಲ್ಲೂ ಎಣಿಸಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತ. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಕಣ್ಣಲ್ಲಿ ನೀರು ಬಂತು. ಎರಡನೇ ಮಾತು ನಾಲಗೆಯ ತುದಿಯಲ್ಲೇ ಇತ್ತು. ಅದನ್ನೂ ಹೇಳಿಬಿಡೋಣ ಎಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಜಯರಾಮನೇ ಮುಂದಕ್ಕೆ ಬಾಗಿದ.

"ಕೇಪಿನ್ ವಿಷ್ಯ ಇರ್ಲಿ. ನಂಗೆ ಒಂದೇ ಒಂದು ಗೊತ್ತಾಗ್ಬೇಕು ಅಣ್ಣ. ಮೂರ್ನೇದು ಹಾರುಸ್ದಾಗ ಸದ್ದು ಸಣ್ಣುಕ್ಕೆ ಬಂತು ಅಂತ ಅನ್ಸುತ್ತೆ. ನಿಮ್ ಕಡೆ ತಿರುಗಿ ನೋಡ್ದೆ. ನೀವು ಪಕ್ಕದಲ್ಲೇ ಇದ್ರಿ. ನಿಮ್ಗೆ ಕೇಳುಸ್ತಾ?"

ಉಳಿದ ಒಂದು ಕಣ್ಣು ಅವನನ್ನೇ ನೋಡುತ್ತಿತ್ತು. ಕೇಪು ಬದಲಾಯಿಸಿದ್ದು ಅಪಾಯ ತಿಳಿಯದೆ ಮಾಡಿದ ತಪ್ಪು, ಅದಕ್ಕೆ ಕ್ಷಮೆಯಿದೆ. ಕೇಳಿಸಿತು ಎಂದರೆ, ಯಾಕೆ ಕೂಗಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಗುರುತಿಲ್ಲದ ಇಬ್ಬರು ಮುದುಕರ ಮುಂದೆ ನನ್ನ ಮಾನ ಹೋದೀತು ಎಂದು ನಿನ್ನ ಕಣ್ಣು ಹೋಗಲು ಬಿಟ್ಟೆ ಎಂದು ಹೇಳಬೇಕು. ಈಗತಾನೇ ಸಿಕ್ಕಿದ ಕ್ಷಮೆ ಇನ್ನೂ ಬೆಚ್ಚಗಿತ್ತು. ಶಿವರಾಜ ಮತ್ತೆ ಒಂದು ಉಸಿರಿನ ಹೊತ್ತು ತಡೆದ.

"ಇಲ್ಲ ತಮ್ಮಾ. ನನಗ ಕೇಳಲಿಲ್ಲ."

ಜಯರಾಮ್ ಸೋಫಾಕ್ಕೆ ಒರಗಿ ಕಣ್ಣು ಮುಚ್ಚಿದ. ಅವನ ಹೆಗಲು ಎರಡೂ ನಿಧಾನವಾಗಿ ಇಳಿದವು.

"ಹಂಗಾರೆ ಸದ್ದೇ ಬಂದಿಲ್ಲ," ಎಂದ. "ಹನ್ನೊಂದು ವರ್ಷ ಅದೇ ಸದ್ದು ಕೇಳಿರೋ ನಿಮ್ಗೇ ಕೇಳಿಲ್ಲ ಅಂದ್ಮೇಲೆ ಸದ್ದೇ ಬಂದಿಲ್ಲ. ಎಲ್ಲಾ ನನ್ ಭ್ರಮೆ. ನಂದೇನೂ ತಪ್ಪಿಲ್ಲ, ಅಲ್ವಾ ನಿಸರ್ಗಾ?"

ನಿನ್ನದೇನೂ ತಪ್ಪಿಲ್ಲ. ಅದು ನಿಜವೇ ಆಗಿತ್ತು. ಆ ನಿಜಕ್ಕೆ ಆಧಾರವಾಗಿ ಅವನಿಗೆ ಸಿಕ್ಕಿದ್ದು ಮಾತ್ರ ಒಂದು ಸುಳ್ಳು. ಅದನ್ನು ಈಗ ಎಳೆದರೆ ಮೇಲೆ ಕೂತವನು ಬೀಳುತ್ತಾನೆ. ತಾನು ಇನ್ನೆಂದೂ ಬಾಯಿ ಬಿಡುವಂತಿಲ್ಲ ಎಂಬುದು ಶಿವರಾಜನಿಗೆ ಅಲ್ಲಿ ಕೂತಲ್ಲಿಯೇ ಅರ್ಥವಾಯಿತು. ಹೇಳದೆ ಉಳಿದದ್ದಕ್ಕೆ ಇನ್ನು ಮುಂದೆ ಹೇಡಿತನ ಎಂಬ ಹೆಸರೂ ಇಲ್ಲ, ಅದು ಉಪಕಾರ. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಜಯರಾಮ್ ಹಸಿವಾಗುತ್ತಿದೆ ಎಂದ. ನಿಸರ್ಗಾ ಗಡಬಡಿಸಿ ಎದ್ದು ಮುದ್ದೆ ತೊಳಸಿ, ಬಸ್ಸಾರು ಬಿಸಿ ಮಾಡಿ ತಂದಳು. ಅವನು ತಲೆಯೆತ್ತದೆ ಒಂದು ಮುದ್ದೆ ಮುಗಿಸಿ ಇನ್ನರ್ಧ ಹಾಕಿಸಿಕೊಂಡ. ಅವಳು ಶಿವರಾಜನಿಗೂ ಬಡಿಸಿದಳು. ಅವನೂ ಉಂಡ. ಹೊರಡುವಾಗ ಅವಳು ಬಾಗಿಲವರೆಗೆ ಬಂದು ಎರಡೂ ಕೈ ಜೋಡಿಸಿದಳು.

"ಆಗ ಬೈದ್ಬಿಟ್ಟೆ, ಮನಸ್ಸಲ್ಲಿಟ್ಕೋಬೇಡಿ ಅಣ್ಣ. ಎರಡು ತಿಂಗಳಾದ್ಮೇಲೆ ಹೊಟ್ಟೆ ತುಂಬ ಉಂಡ್ರು ಇವತ್ತು. ಮತ್ತೆ ಅದೇ ಯೋಚ್ನೆ ಶುರು ಮಾಡ್ಕೊಂಡ್ರೆ ನಿಮಗೇ ಫೋನ್ ಮಾಡ್ಕೊಡ್ತೀನಿ. ಹೀಗೇ ಒಂದು ಮಾತು ಹೇಳ್ಬಿಡಿ, ಸಾಕು."

ಆಯ್ತವ್ವಾ ಎಂದು ಶಿವರಾಜ ಚಪ್ಪಲಿ ಮೆಟ್ಟಿಕೊಂಡ.

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನು ಮೀಟಿಂಗಿನಲ್ಲಿದ್ದಾಗ ಫೋನು ಬಂತು. ನಿಸರ್ಗಾಳ ಹೆಸರು ನೋಡಿ ಎದ್ದು ಹೊರಗೆ ಹೋದ. ಆ ಕಡೆಯಿಂದ ಜಯರಾಮ್ ಏನೂ ಕೇಳಲಿಲ್ಲ, ಅವನ ಉಸಿರು ಮಾತ್ರ ಕೇಳಿಸುತ್ತಿತ್ತು.

"ಇಲ್ಲ ತಮ್ಮಾ," ಎಂದ ಶಿವರಾಜ, "ನನಗ ಕೇಳಲಿಲ್ಲ."

ಥ್ಯಾಂಕ್ಸ್ ಅಣ್ಣ ಎಂದು ಆ ಕಡೆಯಿಂದ ಫೋನು ಇಟ್ಟರು. ಶಿವರಾಜ ಮೀಟಿಂಗಿಗೆ ವಾಪಸು ಹೋದ. ಶುಕ್ರವಾರ ಮತ್ತೆ ಫೋನು ಬಂತು.